ಒಂಟೆ ತೊಗಲಿನ ಪಿಕ್ಕು

ನನ್ನ ಬಲಗೈ ಮೇಲೆ ಕುದಿಯುವ ಜೇನು ಬಿದ್ದದ್ದು ರಂಜಾನಿನ ಇಪ್ಪತ್ತಮೂರನೆಯ ದಿನ, ಮಧ್ಯಾಹ್ನ. ಹಬ್ಬಕ್ಕೆಂದು ಗ್ರಿವೆಶ್ ಎಂಬ ಸಿಹಿತಿಂಡಿ ಕರಿದು ರಾಶಿ ಹಾಕಿದ್ದೆ. ಬಿಸಿ ಜೇನಿನಲ್ಲಿ ಅದ್ದಿ ತೆಗೆಯುವುದೊಂದು ಬಾಕಿ ಇತ್ತು. ಒಲೆಯಿಂದ ಇಳಿಸುವಾಗ ಪಾತ್ರೆಯ ಹಿಡಿ ಕಳಚಿ ಕೈಯಲ್ಲೇ ಉಳಿಯಿತು, ಪಾತ್ರೆ ವಾಲಿತು. ನೀರಾಗಿದ್ದರೆ ಜಾರಿ ಹೋಗುತ್ತಿತ್ತು. ಜೇನು ಬಿದ್ದ ಕಡೆಯೇ ಅಂಟಿಕೊಂಡು ಕೂತು ಸುಡುತ್ತದೆ. ತೋರುಬೆರಳು ಮತ್ತು ನಡುಬೆರಳಿನ ತುದಿಗಳು ಬೆಂದುಹೋದವು.

ಬೇರೆ ಹೆಂಗಸಾಗಿದ್ದರೆ ಎರಡು ತಿಂಗಳು ಹಿಟ್ಟು ನಾದುವ ಕೆಲಸ ತಪ್ಪಿತೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳೇನೋ. ನನಗೆ ಆ ಎರಡು ಬೆರಳುಗಳೇ ಬದುಕು. ಬೆಳಗಿನ ಹೊತ್ತು ಬಟ್ಟೆ ಹೊಲಿಯುತ್ತಿದ್ದೆ. ಮದುವೆಯ ದಿನಗಳಲ್ಲಿ ಲಾಲ್ಲಾ ಯಾಮಿನಾಳ ಮೇಳದಲ್ಲಿ ಬಾಸ್ ಗಿಟಾರು ನುಡಿಸುತ್ತಿದ್ದೆ.

ನಮ್ಮ ಓರಾನ್ ಶಹರದಲ್ಲಿ ಮದುವೆಯ ಹೆಂಗಸರ ಕೂಟಕ್ಕೆ ಗಂಡಸರ ಮೇಳ ಬರುವಂತಿಲ್ಲ. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮದುಮಗಳನ್ನು ನಡುವೆ ಕೂರಿಸಿ, ಹೆಂಗಸರೇ ಹಾಡಿ ಹೆಂಗಸರೇ ಕುಣಿಯುತ್ತಾರೆ. ಅಂಥ ಕೂಟಗಳಲ್ಲಿ ಲಾಲ್ಲಾ ಯಾಮಿನಾ ನಲವತ್ತು ವರ್ಷದಿಂದ ಹಾಡುತ್ತ ಬಂದವಳು. ಹಿರಿಯ ಹೆಂಗಸರ ಹೆಸರಿಗೆ ಲಾಲ್ಲಾ, ಗಂಡಸರ ಹೆಸರಿಗೆ ಸಿ ಸೇರಿಸಿ ಕರೆಯುವುದು ನಮ್ಮ ಕಡೆಯ ಮರ್ಯಾದೆ. ಓದು ಬರಹ ಇಲ್ಲ, ಆದರೆ ಮುನ್ನೂರು ಹಾಡು ನಾಲಿಗೆಯ ತುದಿಯಲ್ಲಿ. ತೊಡೆಯ ಮೇಲೆ ಉದ್ದನೆಯ ಡೋಲು ಅಡ್ಡ ಇಟ್ಟುಕೊಂಡು ಅವಳೇ ಬಾರಿಸುತ್ತಾಳೆ. ಪಕ್ಕದಲ್ಲಿ ಮುಖ್ತಾರಿಯಾ, ಪಿಟೀಲನ್ನು ಮೊಣಕಾಲ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಕುಯ್ಯುವವಳು. ಇನ್ನಿಬ್ಬರು ಅಕ್ಕತಂಗಿಯರು ತಾಳಕ್ಕೆ. ಕೊನೆಯಲ್ಲಿ ನಾನು, ಜಾಜಿಯಾ.

ಬಾಸ್ ನನ್ನ ಅಣ್ಣ ಮಿಲೂದನದು. ಎಂಬತ್ತರ ದಶಕದಲ್ಲಿ ಅವನಿಲ್ಲದೆ ಊರಿನಲ್ಲಿ ಒಂದು ಮದುವೆಯೂ ನಡೆಯುತ್ತಿರಲಿಲ್ಲ. ಆಮೇಲೆ ಕೀಬೋರ್ಡು ಬಂತು. ಅದನ್ನು ನುಡಿಸುವವನ ಎಡಗೈಯೇ ಕೆಳಗಿನ ಸ್ವರವನ್ನೆಲ್ಲ ನೋಡಿಕೊಂಡಿತು, ಅಣ್ಣನನ್ನು ಕರೆಯುವವರೇ ಇಲ್ಲವಾದರು. ಗಿಟಾರನ್ನು ಬೀರುವಿನ ಹಿಂದಕ್ಕೆ ತಳ್ಳಿ ಅವನು ಮಾರ್ಸೆಯ್‌ಗೆ ಹಡಗು ಹತ್ತಿದ. ಮುಂದೆ ಗುಂಡು ಬಾಂಬಿನ ಭಯಕ್ಕೆ ಊರಿನಲ್ಲಿ ಯಾರೂ ಹೊರಗೆ ಹೆಚ್ಚು ತಿರುಗಾಡದಿದ್ದ ಕೆಟ್ಟ ವರ್ಷಗಳು ಬಂದವು. ಮನೆಯೊಳಗೆ ಕೂತು ಕೂತು ಬೇಸತ್ತು ನಾನು ಅದನ್ನು ಎಳೆದು ಧೂಳು ಒರೆಸಿದೆ. ಅಣ್ಣ ನುಡಿಸುವಾಗ ನೋಡಿದ್ದಷ್ಟೇ ಪಾಠ. ಒಂದು ದಿನ ಲಾಲ್ಲಾ ಯಾಮಿನಾ ಹೊಸ ಗೌನಿನ ಅಳತೆಗೆಂದು ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು. ಅಳತೆಯ ಮಾತೇ ಎತ್ತಲಿಲ್ಲ. "ಗುರುವಾರ ಮದುವೆ ಇದೆ, ಬಾ" ಅಂದಳು. ಅಲ್ಲಿಂದ ಸುಟ್ಟುಕೊಂಡ ಆ ದಿನದವರೆಗೆ ಎಂಟು ವರ್ಷ.

ಹುಣ್ಣು ಮಾಯಿತು. ಹೊಸ ಚರ್ಮ ಬಂತು, ಮೇಣದ ಹಾಗೆ ಹೊಳೆಯುವ ಚರ್ಮ. ಅದಕ್ಕೆ ಬಿಸಿ ತಂಪು ಒಂದೂ ತಿಳಿಯದು. ತಂತಿಯ ಮೇಲೆ ಬೆರಳಿಟ್ಟರೆ ಬೆರಳು ತಂತಿಗೆ ತಾಗಿತೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಸದ್ದು ಬಂದ ಮೇಲೆ ಓಹೋ ತಾಗಿತು ಎಂದುಕೊಳ್ಳಬೇಕು. ಅಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು. ಹಟ ಹಿಡಿದು ಕಾಲು ಗಂಟೆ ನುಡಿಸಿದರೆ ಆ ತೆಳು ಚರ್ಮ ಹರಿದು ತಂತಿಗೆಲ್ಲ ರಕ್ತ.

ಲಾಲ್ಲಾ ಯಾಮಿನಾ ನೋಡಲು ಬಂದಳು. ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇನ್ನು ನನ್ನ ಕೈಲಾಗಲ್ಲ ಲಾಲ್ಲಾ," ಅಂದೆ. "ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

"ಹೌದೌದು, ಬಾಸ್ ಬಾರಿಸೋ ಹೆಂಗಸ್ರು ಬೀದಿ ತುದೀಲಿ ಸಾಲಾಗಿ ನಿಂತಿದಾರೆ. ಒಬ್ಬಳನ್ನ ಆರಿಸ್ಕೊಂಡು ಹೋಗ್ತೀನಿ," ಅಂದಳು. ಆಮೇಲೆ ದನಿ ತಗ್ಗಿಸಿ, "ಹೆಬ್ಬೆರಳು ಚೆನ್ನಾಗಿದೆಯಲ್ವೇನೇ? ಗಿಟಾರು ಬಾರಿಸೋ ಹುಡುಗ್ರು ಕೈಲಿ ಏನೋ ಬಿಲ್ಲೆ ಹಿಡ್ಕೊಂಡಿರ್ತಾರಲ್ಲ, ಅದನ್ನ ನೀನೂ ಹಿಡಿ."

"ಪಿಕ್ಕಾ? ಅಣ್ಣ ಕೇಳಿದ್ರೆ ನಗ್ತಾನೆ. ಬಾಸನ್ನ ಪಿಕ್ಕಲ್ಲಿ ಬಾರಿಸೋದು ಕೈಗವಸು ಹಾಕ್ಕೊಂಡು ಹೆಂಡತಿ ಕೆನ್ನೆ ಸವರಿದ ಹಾಗೆ ಅಂತಿದ್ದ."

"ನಿನ್ನಣ್ಣನ ಹೆಂಡತಿ ಬಿಟ್ಟು ಹೋಗಿ ಆರು ವರ್ಷ ಆಯ್ತು. ಅವನಿಗೇನು ಗೊತ್ತು ಕೆನ್ನೆ ಸಂಗತಿ?"

ಸುಟ್ಟ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗ.

ಹೀಗೆ ನನ್ನ ಪಿಕ್ಕಿನ ಹುಡುಕಾಟ ಶುರುವಾಯಿತು. ಅಂಗಡಿಯಿಂದ ತಂದ ಮೊದಲ ಪಿಕ್ಕು ತೆಳ್ಳಗಿತ್ತು. ಸಣ್ಣ ಗಿಟಾರಿಗೆ ಸರಿಯೇ ಇರಬಹುದು, ನನ್ನ ದಪ್ಪ ತಂತಿಗೆ ತಾಗಿದರೆ ಕಾಗದದ ಹಾಗೆ ಬಾಗುತ್ತಿತ್ತು. ಸ್ವರಕ್ಕಿಂತ ಮುಂಚೆ ಟಿಕ್ ಎನ್ನುವ ಸದ್ದು. ಅಭ್ಯಾಸದಲ್ಲಿ ಮುಖ್ತಾರಿಯಾ ಪಿಟೀಲು ನಿಲ್ಲಿಸಿ, "ಯಾರ್ರೇ ಅದು ಸೂರ್ಯಕಾಂತಿ ಬೀಜ ಕಡೀತಿರೋದು?" ಎಂದಳು. ಎಲ್ಲರೂ ನನ್ನನ್ನು ನೋಡಿದರು.

ಆಮೇಲೆ ದಪ್ಪನೆಯ ಪ್ಲಾಸ್ಟಿಕ್ ಪಿಕ್ಕು ತಂದೆ. ಸದ್ದು ತುಂಬಿ ಬಂತು, ಬಾಗುವ ಮಾತೇ ಇಲ್ಲ. ಆದರೆ ನುಣುಪು. ಹಿಡಿದುಕೊಳ್ಳುವ ತೋರುಬೆರಳಿಗೆ ಅದು ಜಾರುವುದೇ ತಿಳಿಯುತ್ತಿರಲಿಲ್ಲ. ಭಯಕ್ಕೆ ಗಟ್ಟಿಯಾಗಿ ಒತ್ತಿ ಹಿಡಿದರೆ ಮೊಣಕೈವರೆಗೆ ಸೆಳೆತ. ಗಾಂಬೆಟ್ಟಾ ಬಡಾವಣೆಯ ಒಂದು ಮದುವೆಯಲ್ಲಿ ಕುಣಿತ ರಂಗೇರಿದ್ದಾಗ ಪಿಕ್ಕು ಕೈಯಿಂದ ಚಿಮ್ಮಿ ಮದುಮಗನ ತಾಯಿಯ ಚಹಾದ ಲೋಟಕ್ಕೆ ಬಿತ್ತು. ಆಕೆ ಪುದೀನದ ಎಲೆಗಳ ನಡುವೆ ಬೆರಳು ಹಾಕಿ ಅದನ್ನು ಎತ್ತಿ ಹಿಡಿದು, "ಯಾರದಮ್ಮಾ ಈ ಉಗುರು?" ಎಂದು ಕೂಗಿದಳು. ಇಡೀ ಸಭೆ ನಕ್ಕಿತು. ನಾನೂ ನಕ್ಕೆ. ಹಿಂತಿರುಗುವಾಗ ವ್ಯಾನಿನಲ್ಲಿ ಮಾತ್ರ ತಲೆಯ ಮೇಲಿನ ಬಟ್ಟೆಯನ್ನು ಮುಖಕ್ಕೆ ಎಳೆದುಕೊಂಡು ಕೂತೆ. ಪಕ್ಕದಲ್ಲಿದ್ದ ಲಾಲ್ಲಾ ಯಾಮಿನಾ ನನ್ನ ಮಂಡಿಯ ಮೇಲೆ ಕೈಯಿಟ್ಟುಕೊಂಡೇ ಮನೆಯವರೆಗೆ ಬಂದಳು.

ಮುಖ್ತಾರಿಯಾಳ ಬೀದಿಯಲ್ಲಿ ಊದ್ ಎಂಬ ತಂತಿವಾದ್ಯ ನುಡಿಸುವವರೊಬ್ಬರು ತಮ್ಮ ಕೊಂಬಿನ ಪಿಕ್ಕೊಂದನ್ನು ಕೊಟ್ಟು ಕಳಿಸಿದರು. ಕಿರುಬೆರಳಿನಷ್ಟು ಉದ್ದ, ನೋಡಲು ಚಂದ. ಊದಿನ ಸಣ್ಣ ತಂತಿಗೆ ಹೇಳಿಮಾಡಿಸಿದ್ದು. ನನ್ನ ಲೋಹದ ತಂತಿಯ ಮೇಲೆ ಅದು ಬಾಣಲೆಯ ತಳ ಕೆರೆದ ಹಾಗೆ ಕೇಳಿಸಿತು. ಧನ್ಯವಾದ ಹೇಳಿ ಹಿಂತಿರುಗಿಸಿದೆ.

"ಇನ್ನು ಸಾಕು ಲಾಲ್ಲಾ," ಎಂದೆ. "ಮೂರು ತಿಂಗಳಾಯ್ತು. ನಿಮ್ಮ ಹೆಸರೂ ಕೆಡ್ತಿದೆ."

ಅವಳು ಡೋಲಿನ ಚರ್ಮವನ್ನು ಒಲೆಯ ಮುಂದೆ ಬೆಚ್ಚಗೆ ಮಾಡುತ್ತಿದ್ದಳು. ಅದರ ಮೇಲೆ ಮೊದಲು ಮರದ ಸೌಟಿನಿಂದ ತಟ್ಟಿದಳು, ಆಮೇಲೆ ಅಂಗೈಯಿಂದ.

"ಯಾವುದು ಚೆಂದ?"

"ಕೈಯಲ್ಲಿ ಬಾರಿಸಿದ್ದು."

"ಕೈ ಅಂದ್ರೇನು? ಚರ್ಮ ತಾನೇ. ನಿನ್ನ ಚರ್ಮ ಹೋಯ್ತು, ಲೋಕದಲ್ಲಿರೋ ಚರ್ಮ ಎಲ್ಲಾ ಹೋಯ್ತಾ? ನಾಳೆ ಬೆಳಿಗ್ಗೆ ಗಿಟಾರು ಎತ್ಕೊಂಡು ಮದೀನಾ ಜ್ದೀದಾ ಪೇಟೆಗೆ ಬಾ."

ಮದೀನಾ ಜ್ದೀದಾದ ಪೇಟೆಯಲ್ಲಿ ಬಟ್ಟೆಯಂಗಡಿಗಳ ಸಾಲು ಮುಗಿಯುವ ಕಡೆ ಸಿ ತಯ್ಯೇಬನ ಅಂಗಡಿ. ಕುದುರೆಗೆ ಜೀನು ಹೊಲಿಯುವವನು. ಹಬ್ಬಗಳಲ್ಲಿ ಬಂದೂಕು ಹಾರಿಸುತ್ತ ಸಾಲಾಗಿ ಓಡುವ ಸವಾರರು ದೂರದ ಊರುಗಳಿಂದಲೂ ಅವನಲ್ಲಿಗೆ ಬರುತ್ತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಗಂಟಿಕ್ಕಿದ ಹುಬ್ಬು. ಲಾಲ್ಲಾ ಯಾಮಿನಾಳನ್ನು ನೋಡಿದ್ದೇ ಎದ್ದು ನಿಂತ. ಅವನ ಮದುವೆಯಲ್ಲಿ ಹಾಡಿದವಳು ಅವಳೇ ಎಂದು ಆಮೇಲೆ ತಿಳಿಯಿತು.

ಲಾಲ್ಲಾ ಬಂದ ಕೆಲಸ ಹೇಳಿದಳು. ಅವನು ಗಿಟಾರನ್ನು ನೋಡಿದ, ನನ್ನನ್ನು ನೋಡಿದ.

"ಇದಕ್ಕೆ ಜೀನು ಬೇಕಾ?"

"ತಮಾಷೆ ಸಾಕು ಸಿ ತಯ್ಯೇಬ್. ಹುಡುಗಿ ಸುಟ್ಕೊಂಡಿದಾಳೆ."

"ಹುಡುಗಿ ಅಂತೆ," ಎಂದು ಗೊಣಗಿದ. ನನಗಾಗ ನಲವತ್ತೊಂದು. "ಕೈ ಕೊಡು ಮಗಳೇ."

ಅವನು ನನ್ನ ಬೆರಳ ತುದಿಯನ್ನು ನೋಡಲೇ ಇಲ್ಲ. ದಬ್ಬಳದ ಹಿಂತುದಿಯಿಂದ ಕೈಯನ್ನೆಲ್ಲ ಮೆಲ್ಲಗೆ ಒತ್ತುತ್ತ ಹೋದ. "ಇಲ್ಲಿ ಗೊತ್ತಾಗುತ್ತಾ? ಇಲ್ಲಿ?" ತೋರುಬೆರಳಿನ ಮೊದಲ ಗೆಣ್ಣು ದಾಟಿ, ಹೆಬ್ಬೆರಳ ಕಡೆಯ ಮಗ್ಗುಲಿಗೆ ಬಂದಾಗ "ಹಾಂ" ಎಂದೆ. ಅಲ್ಲಿ ಮಸಿಯಿಂದ ಒಂದು ಚುಕ್ಕೆ ಇಟ್ಟ. ನಡುಬೆರಳಿನ ಬುಡದಲ್ಲಿ ಇನ್ನೊಂದು, ಹೆಬ್ಬೆರಳ ಮೆತ್ತೆಯ ಮೇಲೆ ಮತ್ತೊಂದು.

"ಅಂಗಡೀಲಿ ಸಿಗೋ ಬಿಲ್ಲೇನ ಎಲ್ಲಿ ಹಿಡೀತಿದ್ದೆ?"

ತೋರಿಸಿದೆ.

"ಅಲ್ಲಿ ನಿನಗೆ ಪ್ರಾಣಾನೇ ಇಲ್ಲ. ಅಲ್ಲಿ ಹಿಡಿದ್ರೆ ಜಾರದೆ ಇನ್ನೇನಾಗುತ್ತೆ? ಕುದುರೆಗೆ ಗಾಯ ಇರೋ ಕಡೆ ಯಾರಾದ್ರೂ ಪಟ್ಟಿ ಬಿಗೀತಾರಾ? ಗಾಯ ಬಿಟ್ಟು ಬಿಗೀಬೇಕು."

ಮೂರು ತಿಂಗಳು ನಾನು ಅಂಗಡಿಯ ಪಿಕ್ಕಿಗೆ ನನ್ನ ಕೈಯನ್ನು ಹೊಂದಿಸಲು ಒದ್ದಾಡಿದ್ದೆ. ಪಿಕ್ಕನ್ನೇ ಕೈಗೆ ಹೊಂದಿಸಬಹುದೆಂದು ಹೊಳೆದಿರಲಿಲ್ಲ. ಸಿ ತಯ್ಯೇಬ್ ಆಗಲೇ ಅಟ್ಟದ ಕಡೆ ತಿರುಗಿ ತೊಗಲಿನ ತುಂಡುಗಳನ್ನು ಎಳೆಯತೊಡಗಿದ.

ಮೊದಲು ಕುರಿಯದು. ತಂತಿಗೆ ತಾಗಿದರೆ ಭಸ್ ಎಂದು ಮಡಿಚಿಕೊಂಡಿತು. ಆಮೇಲೆ ದನದ್ದು. ಸದ್ದು ಬಂತು, ಆದರೆ ಮಂಕು. ಕೊನೆಗೆ ಜೀನಿನ ತಳಕ್ಕೆ ಹಾಕುವ ಒಂಟೆಯ ತೊಗಲು ತೆಗೆದ. ರಂಪಿಗೆಯಿಂದ ನನ್ನ ಮೂರು ಚುಕ್ಕೆಗಳ ಅಳತೆಗೆ ಮುಮ್ಮೂಲೆಯಾಗಿ ಕತ್ತರಿಸಿದ. ಅಂಗಡಿಯ ಪಿಕ್ಕಿಗಿಂತ ಎರಡರಷ್ಟು ದೊಡ್ಡದು. ನೀರಿನಲ್ಲಿ ನೆನೆಸಿ, ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು, ಒಲೆಯ ಪಕ್ಕ ಒಣಗಿಸಿದ. ಒಣಗುವವರೆಗೆ ಲಾಲ್ಲಾ ಯಾಮಿನಾ ಬೀದಿಯಿಂದ ಬಿಸಿ ಬಿಸಿ ಕಡಲೆಹಿಟ್ಟಿನ ಕರಾಂತಿಕಾ ತರಿಸಿ ಬ್ರೆಡ್ಡಿನ ನಡುವೆ ಇಟ್ಟು ನಮಗೆಲ್ಲ ತಿನ್ನಿಸಿದಳು.

ಹೆಬ್ಬೆರಳ ಕಡೆಗೆ ನುಣುಪಾದ ಮೈ, ತೋರುಬೆರಳ ಮಗ್ಗುಲಿಗೆ ಒರಟು ಮೈ. ಹಿಡಿದುಕೊಂಡೆ. ಎಷ್ಟೋ ದಿನದ ಮೇಲೆ ನನ್ನ ಕೈಯಲ್ಲಿ ಏನೋ ಇದೆ ಎಂದು ನನಗೇ ತಿಳಿಯಿತು. ಗಿಟಾರಿನ ಜೊತೆ ತಂದಿದ್ದ ಸಣ್ಣ ಸ್ಪೀಕರ್ ಪೆಟ್ಟಿಗೆಗೆ ವೈರು ಸಿಕ್ಕಿಸಿ ದಪ್ಪ ತಂತಿಯನ್ನು ಮೀಟಿದೆ. ಗೋಡೆಗೆ ತೂಗುಹಾಕಿದ್ದ, ಸವಾರರು ಕಾಲಿಡುವ ರಿಕಾಪುಗಳು ಝಣ್ ಎಂದವು.

"ಇದೇ!" ಎಂದಳು ಲಾಲ್ಲಾ ಯಾಮಿನಾ.

"ಇದಲ್ಲ," ಎಂದ ಸಿ ತಯ್ಯೇಬ್.

"ನಿಮಗೇನು ಗೊತ್ತು? ಹೆಂಗಸರ ಕೂಟದ ಒಳಗೆ ಕಾಲಿಟ್ಟಿದೀರಾ ಯಾವತ್ತಾದ್ರೂ?"

"ಇಲ್ಲ. ಅದಕ್ಕೇ ಹೇಳ್ತಿರೋದು. ನನ್ನ ಮದುವೆ ದಿನ ನೀನು ಒಳಗೆ ಹಾಡ್ತಿದ್ದೆ, ನಾನು ಮದುಮಗ, ಬೀದೀಲಿ ನಿಂತಿದ್ದೆ. ನಿನ್ನ ಹಾಡಿನ ಒಂದು ಮಾತೂ ಕೇಳಿಸ್ಲಿಲ್ಲ. ಡೋಲಿನ ಗುಡುಗು ಮಾತ್ರ ಗೋಡೆ ದಾಟಿ ಬಂತು. ಅದನ್ನೇ ಕೇಳ್ತಾ ಸಂಜೆವರೆಗೆ ನಿಂತಿದ್ದೆ. ಈ ವಾದ್ಯನೂ ಅಂಥದ್ದೇ. ಒಳಗಿನವರಿಗೆ ಎಷ್ಟೋ, ಹೊರಗಿನವರಿಗೂ ಅಷ್ಟೇ." ಎದ್ದು ಚಪ್ಪಲಿ ಮೆಟ್ಟಿದ. "ನಾನು ಪಕ್ಕದ ಬಟ್ಟೆ ಅಂಗಡೀಲಿ ಕೂತಿರ್ತೀನಿ. ನೀನು ಬಾರಿಸ್ತಿರು ಮಗಳೇ."

ಅವನು ಹೋದ. ನಾನು ಬಾರಿಸಿದೆ. ಗೋಡೆಯ ಆಚೆಯಿಂದ ಕೂಗು ಬಂತು: "ಅಂಚು ಕೇಳಿಸ್ತಿಲ್ಲಾ! ಯಾವಾಗ ಶುರುವಾಯ್ತು, ಯಾವಾಗ ಮುಗೀತು ಗೊತ್ತಾಗ್ತಿಲ್ಲಾ!"

ಬಂದು ತುದಿಯನ್ನು ಇನ್ನಷ್ಟು ಬಡಿದು ಗಟ್ಟಿ ಮಾಡಿದ, ಅಂಚನ್ನು ಗಾಜಿನ ಚೂರಿನಿಂದ ಹೆರೆದು ದುಂಡಗೆ ಮಾಡಿದ. ಮತ್ತೆ ಹೋದ. ಈಗ ಆಚೆಯಿಂದ "ಚೆನ್ನಾಗಿದೆ!" ಎಂದು ಬಂತು, ಈಚೆ ಲಾಲ್ಲಾ ಯಾಮಿನಾ "ಥೂ, ಬಾಗಿಲು ತಟ್ಟಿದ ಹಾಗಿದೆ" ಎಂದಳು. ಹೀಗೆ ಗೋಡೆಯ ಎರಡು ಕಡೆ ಎರಡು ಮುದಿ ಜೀವಗಳ ಜಗಳ ನಡೆಯಿತು. ಒಂದು ಸರಿಹೋಗದಿದ್ದರೆ ಅವನು ಇನ್ನೊಂದು ಕತ್ತರಿಸಿದ. ಬಟ್ಟೆ ಕೊಳ್ಳಲು ಬಂದವರು ಬಟ್ಟೆ ಬಿಟ್ಟು ಕಿವಿ ಕೊಟ್ಟರು. ಕುದುರೆಯ ಲಗಾಮಿಗೆಂದು ಬಂದಿದ್ದ ಸವಾರನೊಬ್ಬ ತನ್ನ ಕೆಲಸ ಮರೆತು "ಆ ಮೊದಲನೇದೇ ವಾಸಿ" ಎಂದು ತೀರ್ಪು ಕೊಟ್ಟು ಇಬ್ಬರಿಂದಲೂ ಬೈಸಿಕೊಂಡ. ಏಳನೆಯ ಪಿಕ್ಕಿಗೆ, ಮಧ್ಯಾಹ್ನದ ಬಾಂಗು ಕೂಗುವ ಹೊತ್ತಿಗೆ, ಎರಡೂ ಕಡೆಯಿಂದ ಮಾತೇ ಬರಲಿಲ್ಲ. ನುಡಿಸುತ್ತಲೇ ಇದ್ದೆ. ಲಾಲ್ಲಾ ಯಾಮಿನಾಳ ಕೈ ತಾನಾಗಿ ಪಕ್ಕದ ಜೀನಿನ ಮೇಲೆ ತಾಳ ಹಾಕುತ್ತಿತ್ತು. ಸಿ ತಯ್ಯೇಬ್ ಬಾಗಿಲಿಗೆ ಬಂದು ನಿಂತಿದ್ದ.

"ಇದೇ," ಎಂದ. ಅವಳು ತಲೆಯಾಡಿಸಿದಳು.

ಅದೇ ಅಳತೆಗೆ ಐದು ಮಾಡಿ ಕೊಟ್ಟ. ಏನು ಕೊಡಲಿ ಎಂದು ಕೇಳಿದ್ದಕ್ಕೆ ಅವನ ಹುಬ್ಬು ಇನ್ನೂ ಗಂಟಿಕ್ಕಿತು. "ಕುದುರೆ ಇಲ್ಲದವರ ಹತ್ರ ನಾನು ವ್ಯಾಪಾರ ಮಾಡಲ್ಲ. ಹೋಗು, ಬಿಸಿಲಾಗುತ್ತೆ."

ಆ ವಾರದ ಮದುವೆ ಸಮುದ್ರದ ದಂಡೆಯ ಒಂದು ಸಭಾಂಗಣದಲ್ಲಿ. ಮೊದಲ ಮುಕ್ಕಾಲು ಗಂಟೆ ಖುಷಿಗೆ ನಾನು ನೆಲದ ಮೇಲೆ ಇರಲೇ ಇಲ್ಲ. ಹೆಂಗಸರು ಕುಣಿದರು, ಕೂಗು ಹಾಕಿದರು, ನನ್ನ ಸ್ವರ ಡೋಲಿನ ಜೊತೆ ಹೆಗಲಿಗೆ ಹೆಗಲು ಕೊಟ್ಟು ನಡೆಯಿತು. ಮುಖ್ತಾರಿಯಾ ಪಿಟೀಲಿನ ಮೇಲಿಂದ ಕಣ್ಣು ಹೊಡೆದಳು. ಆಮೇಲೆ ಸೆಕೆ ಏರಿತು. ಕಡಲ ಗಾಳಿಯ ತೇವ, ಕೈಯ ಬೆವರು ಎರಡೂ ಸೇರಿ ತೊಗಲು ಮೆತ್ತಗಾಯಿತು. ಸ್ವರದ ಅಂಚು ಕರಗಿತು. ಪಿಕ್ಕು ಬದಲಿಸೋಣವೆಂದರೆ ಉಳಿದ ನಾಲ್ಕೂ ಚೀಲದಲ್ಲಿ, ಚೀಲ ಗೋಡೆಯ ಬಳಿ. ಅಷ್ಟರಲ್ಲಿ ಮದುಮಗಳನ್ನು ಕರೆತರುವ ಹೊತ್ತಾಗಿತ್ತು, ಲಾಲ್ಲಾ ಯಾಮಿನಾ ನಿಧಾನದ ಹಾಡನ್ನು ಎತ್ತಿಯೇಬಿಟ್ಟಳು.

ಬೇರೆ ದಾರಿಯಿಲ್ಲದೆ ಆ ಮೆತ್ತನೆಯ ಪಿಕ್ಕಿನಲ್ಲೇ ಮೀಟಿದೆ. ಬಂದ ಸದ್ದನ್ನು ಹೇಗೆ ಹೇಳಲಿ? ಟಿಕ್ ಇಲ್ಲ, ಪೆಟ್ಟಿಲ್ಲ. ಯಾರೋ ದೊಡ್ಡವರು ಬಾಯಿ ಮುಚ್ಚಿಕೊಂಡು ಗುನುಗಿದಂತೆ ಸ್ವರ ಎದ್ದು ಸಭೆಯ ತುಂಬ ಹರಡಿತು. ನನ್ನ ಬೆರಳು ಗಟ್ಟಿಯಾಗಿದ್ದ ಕಾಲದಲ್ಲೂ ಆ ಹಾಡಿಗೆ ಅಂಥ ಸ್ವರ ನಾನು ಕೊಟ್ಟಿರಲಿಲ್ಲ. ಬಿಳಿಯ ಬಟ್ಟೆಯಲ್ಲಿ ಮದುಮಗಳು ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಅವಳ ಅಜ್ಜಿ ಕಣ್ಣೊರೆಸಿಕೊಂಡಳು. ಲಾಲ್ಲಾ ಯಾಮಿನಾ ಒಂದು ಸಾಲನ್ನು ಹಾಡದೆ ಬಿಟ್ಟು, ಆ ಜಾಗವನ್ನು ನನಗೆ ಕೊಟ್ಟಳು. ಎಂಟು ವರ್ಷದಲ್ಲಿ ಹಾಗೆ ಕೊಟ್ಟದ್ದು ಅದೇ ಮೊದಲು.

ಹಾಡು ಮುಗಿದ ಮೇಲೆ ಚೀಲದಿಂದ ಗಟ್ಟಿಯಾದದ್ದನ್ನು ತೆಗೆದುಕೊಂಡೆ, ಕುಣಿತ ಮತ್ತೆ ಶುರುವಾಯಿತು. ಒಂದು ಸರಿಯಾದ ಪಿಕ್ಕಿಗಾಗಿ ನಾನು ಅಷ್ಟು ದಿನ ಅಲೆದಿದ್ದೆ. ಬೇಕಾಗಿದ್ದುದು ಕುಣಿತಕ್ಕೊಂದು, ಕರೆತರುವ ಹಾಡಿಗೊಂದು. ಈಗ ಮದುವೆಗೆ ಹೊರಡುವ ಮುಂಚೆ ಒಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳುತ್ತೇನೆ, ಇನ್ನೊಂದನ್ನು ಒಣ ಡಬ್ಬಿಯಲ್ಲಿ.

ಮಾರನೆಯ ದಿನವೇ ಸಿ ತಯ್ಯೇಬನಿಗೆ ಹೇಳಲು ಓಡಿದೆ. ಬೆವರಿಗೆ ತೊಗಲು ಮೆತ್ತಗಾಯಿತೆಂದಾಗ ಅವನ ಮುಖ ಸಪ್ಪಗಾಯಿತು. ಉಳಿದದ್ದನ್ನು ಹೇಳಿದಾಗ ಗಡ್ಡ ಕೆರೆದುಕೊಂಡ. "ಹಂಗಾ? ಅದು ನಾನು ಮಾಡಿದ್ದಲ್ಲ, ದೇವರು ಮಾಡಿದ್ದು. ಆದ್ರೂ ಯಾಮಿನಾ ಹತ್ರ ನಾನೇ ಮೊದಲೇ ಲೆಕ್ಕ ಹಾಕಿ ಮಾಡಿದ್ದು ಅಂತ ಹೇಳು."

ಹೇಳಿದೆ. ಅವಳು ನಂಬಲಿಲ್ಲ.

ಇದೆಲ್ಲ ಆಗಿ ಹನ್ನೊಂದು ವರ್ಷವಾಯಿತು. ಮಿಲೂದ್ ಅಣ್ಣ ಒಂದು ಬೇಸಿಗೆಯಲ್ಲಿ ಬಂದು, ಬಾಗಿಲಾಚೆ ನಿಂತು ಕೇಳಿ, ಬೆರಳಲ್ಲೇ ನುಡಿಸುತ್ತಿದ್ದೇನೆಂದು ತಿಳಿದ. ಪಿಕ್ಕನ್ನು ತೋರಿಸಿದಾಗ ಬಹಳ ಹೊತ್ತು ಅದನ್ನು ಬೆರಳ ನಡುವೆ ತಿರುಗಿಸುತ್ತ ಕೂತಿದ್ದ. ಲಾಲ್ಲಾ ಯಾಮಿನಾ ಈಗ ಎತ್ತರದ ಸ್ವರಗಳನ್ನು ಅಕ್ಕತಂಗಿಯರಿಗೆ ಬಿಟ್ಟಿದ್ದಾಳೆ, ಡೋಲನ್ನು ಬಿಟ್ಟಿಲ್ಲ. ಪ್ರತಿ ನಮಾಜಿನ ಕೊನೆಗೆ ನಾನು ಕೈಯೆತ್ತಿದಾಗ ಅವಳ ಹೆಸರು ಮೊದಲು ಬರುತ್ತದೆ, ಆಮೇಲೆ ಸಿ ತಯ್ಯೇಬನದು.

ಅವನು ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ. ಮುಚ್ಚುವ ಮುಂಚೆ ನನ್ನನ್ನು ಒಂದು ವಾರ ಕೂರಿಸಿಕೊಂಡು ತೊಗಲು ಆರಿಸುವುದು, ಕತ್ತರಿಸುವುದು, ಬಡಿಯುವುದು ಎಲ್ಲ ಕಲಿಸಿದ. ಶುಕ್ರವಾರ ಶುಕ್ರವಾರ ಅವನ ಮನೆಗೆ ಗೋಧಿರವೆಯ ಕುಸ್ಕುಸ್ ತೆಗೆದುಕೊಂಡು ಹೋಗುತ್ತೇನೆ. ಉಪ್ಪು ಕಮ್ಮಿ, ಕುಂಬಳಕಾಯಿ ಜಾಸ್ತಿ ಎಂದು ಪ್ರತಿ ಸಲ ಬೈಯುತ್ತಾನೆ. ಹೋದ ವಾರ ನನ್ನ ಬಲಗೈಯನ್ನು ಹಿಡಿದು, ಸುಟ್ಟ ಬೆರಳನ್ನು ಹೆಬ್ಬೆರಳಿನಿಂದ ಸವರಿ ಕೇಳಿದ:

"ಚಳಿಗಾಲದಲ್ಲಿ ನೋವು ಬರುತ್ತಾ ಮಗಳೇ?"

"ಇಲ್ಲ ಸಿ ತಯ್ಯೇಬ್. ದೇವರ ದಯೆ, ಏನೂ ಇಲ್ಲ."

"ಒಳ್ಳೇದು," ಎಂದ. "ಹಾಗಾದ್ರೆ ಇನ್ನೊಂದು ಸೌಟು ಹಾಕು."